ಉಸಿರು ತುಂಬಿದ ಕೈಗಳು

ಕೃತಕ ಉಸಿರಾಟಕ್ಕೆ ಆಸ್ಪತ್ರೆಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದ ಮೊದಲ ಯಂತ್ರ 'ಕಬ್ಬಿಣದ ಶ್ವಾಸಕೋಶ'. 1928ರಲ್ಲಿ ಹಾರ್ವರ್ಡ್‌ನ ಫಿಲಿಪ್ ಡ್ರಿಂಕರ್ ಮತ್ತು ಲೂಯಿ ಶಾ ಇದನ್ನು ರೂಪಿಸಿದರು. ರೋಗಿಯ ತಲೆ ಮಾತ್ರ ಹೊರಗೆ, ಮೈಯೆಲ್ಲ ಲೋಹದ ಪೀಪಾಯಿಯೊಳಗೆ. ಒಳಗಿನ ಒತ್ತಡ ತಗ್ಗಿದಾಗ ಎದೆ ಹಿಗ್ಗಿ ಗಾಳಿ ಒಳಬರುತ್ತಿತ್ತು.

1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಭೀಕರವಾಗಿ ಹಬ್ಬಿತು. ಬ್ಲೆಗ್‌ಡಾಮ್ ಆಸ್ಪತ್ರೆಯಲ್ಲಿ ಇದ್ದದ್ದು ಇಂಥ ಒಂದೇ ಪೀಪಾಯಿ, ಜೊತೆಗೆ ಎದೆಗೆ ಕಟ್ಟುವ ಆರು ಕವಚಗಳು. ಉಸಿರಾಟ ಸೋತವರಲ್ಲಿ ಬಹುಪಾಲು ಜನ ಸಾಯುತ್ತಿದ್ದರು. ಆಗಸ್ಟ್ 27ರಂದು ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್, ಸಾವಿನಂಚಿನಲ್ಲಿದ್ದ 12 ವರ್ಷದ ಹುಡುಗಿಯ ಕತ್ತಿನಲ್ಲಿ ಮಾಡಿಸಿದ ರಂಧ್ರದ ಮೂಲಕ ಶ್ವಾಸನಾಳಕ್ಕೆ ಕೊಳವೆ ಇಳಿಸಿ, ರಬ್ಬರ್ ಚೀಲ ಅದುಮುತ್ತ ಆಮ್ಲಜನಕವನ್ನು ನೇರವಾಗಿ ಒಳದೂಡಿದರು. ಹುಡುಗಿ ಬದುಕಿದಳು. ಗಾಳಿಯನ್ನು ಹೊರಗಿನಿಂದ ಸೆಳೆಯುವುದಕ್ಕಿಂತ ಒಳಕ್ಕೆ ತುಂಬುವುದೇ ಮೇಲೆಂದು ಅಂದು ರುಜುವಾತಾಯಿತು.

ಚೀಲ ಅದುಮಲು ಯಂತ್ರವಿರಲಿಲ್ಲ. ಮುಂದಿನ ತಿಂಗಳುಗಳಲ್ಲಿ ಸುಮಾರು 1,500 ವಿದ್ಯಾರ್ಥಿಗಳು ಹಾಸಿಗೆಯ ಪಕ್ಕ ಪಾಳಿಯಲ್ಲಿ ಕೂತು, ಹಗಲಿರುಳು ಒಂದೊಂದೇ ಉಸಿರನ್ನು ಕೈಯಾರೆ ತುಂಬಿದರು. ವೈದ್ಯಚರಿತ್ರೆಯಲ್ಲಿ ಇದಕ್ಕೆ ಸಮನಾದ ಸೇವೆ ವಿರಳ. ಶೇ. 80 ದಾಟಿದ್ದ ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಸ್ವೀಡನ್‌ನ ಎಂಗ್‌ಸ್ಟ್ರಾಮ್ ವೆಂಟಿಲೇಟರ್ ಬಳಕೆಗೆ ಬಂದ ಮೇಲೆ ಆ ಕೈಗಳ ಕೆಲಸವನ್ನು ಯಂತ್ರ ವಹಿಸಿಕೊಂಡಿತು. 1953ರಲ್ಲಿ ಇಬ್ಸೆನ್ ಅದೇ ನಗರದಲ್ಲಿ ತೀವ್ರ ನಿಗಾ ಘಟಕವನ್ನು ತೆರೆದರು.