ಧಾತು ವರ್ಷದ ಅನಾಥರು, ಗಣಿ ಮುಚ್ಚಿದ ಊರಿನ ಮಕ್ಕಳು

1876-78ರ ಮಹಾಕ್ಷಾಮವನ್ನು ನಮ್ಮ ಸೀಮೆಯ ಹಿರಿಯರು ಇಸವಿಯಿಂದಲ್ಲ, ಸಂವತ್ಸರದಿಂದ ನೆನೆಯುತ್ತಿದ್ದರು. ಅದು ಧಾತು, ಈಶ್ವರ ವರ್ಷಗಳ ಬರ. 1875 ಮತ್ತು 1876ರಲ್ಲಿ ಮಳೆ ಕೈಕೊಟ್ಟಾಗ, ಕೆರೆಗಳನ್ನೇ ನಂಬಿದ್ದ ಕೋಲಾರ ಪ್ರಾಂತ್ಯಕ್ಕೆ ಬೇರೆ ಆಸರೆ ಇರಲಿಲ್ಲ. ಇಂದಿನ ಬಂಗಾರಪೇಟೆಯ ಮೂಲಕ 1864ರಲ್ಲೇ ಬೆಂಗಳೂರಿಗೆ ರೈಲು ಬಂದಿತ್ತು. ಮದ್ರಾಸಿನ ಧಾನ್ಯ ಅದೇ ಹಳಿಯ ಮೇಲೆ ಬಂದಿತು. ಕೊಳ್ಳುವವರ ಕೈಯಲ್ಲಿ ಕಾಸಿರಲಿಲ್ಲ. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಹೆತ್ತವರನ್ನು ಕಳೆದುಕೊಂಡು ಬದುಕಿ ಉಳಿದ ಮಕ್ಕಳ ಕಥೆ ಈ ಅಂಕಿಗಳಲ್ಲಿ ಕಾಣುವುದಿಲ್ಲ.

ಆ ಮಕ್ಕಳಲ್ಲಿ ಅನೇಕರನ್ನು ಕೋಲಾರದಲ್ಲಿ ಕೈಹಿಡಿದು ಕರೆದುಕೊಂಡವಳು ಲೂಯಿಸಾ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ. ಲಂಡನ್ ಮಿಷನ್ನಿನ ಸೇವೆಯಲ್ಲಿ ಈ ನಾಡಿಗೆ ಬಂದ ಆಕೆ, ಬಳಿಕ ಕೋಲಾರದಲ್ಲಿ ಸ್ವತಂತ್ರವಾಗಿ ಕೆಲಸಕ್ಕೆ ತೊಡಗಿದ್ದಳು. ಕ್ಷಾಮವು ಆ ಕೆಲಸವನ್ನು ಅನಾಥಾಲಯವನ್ನಾಗಿ ಮಾರ್ಪಡಿಸಿತು. 1890ರಲ್ಲಿ ಆಕೆ ಅದನ್ನು ಅಮೆರಿಕನ್ ಮೆಥೊಡಿಸ್ಟ್ ಎಪಿಸ್ಕೋಪಲ್ ಸಭೆಗೆ ಒಪ್ಪಿಸಿದಳು. ಕೋಲಾರ ಸುತ್ತಿನ ನಮ್ಮ ಹಳೆಯ ಕ್ರೈಸ್ತ ಕುಟುಂಬಗಳಲ್ಲಿ ಕೆಲವು ಆ ಮಕ್ಕಳ ವಂಶದವು. ಆದುದರಿಂದ ಇದು ಪರರ ಚರಿತ್ರೆಯಲ್ಲ, ನಮ್ಮ ಮನೆಯ ಚರಿತ್ರೆಯೇ.

ಅನಾಥಾಲಯ ಆ ಮಕ್ಕಳಿಗೆ ಏನನ್ನು ಕೊಟ್ಟಿತು? ಮೊದಲು ಗಂಜಿ, ಆಮೇಲೆ ದಿನಕ್ಕೊಂದು ಕ್ರಮ. ಗೊತ್ತಾದ ಹೊತ್ತಿಗೆ ಊಟ, ಪಾಠ, ಪ್ರಾರ್ಥನೆ, ಕೈಕೆಲಸ. ನಾಳೆ ಇದೆಯೋ ಇಲ್ಲವೋ ಎಂದು ಅರಿಯದೆ ಅಲೆದ ಮಗುವಿಗೆ, ನಾಳೆಯೂ ಇದೇ ಗಂಟೆ ಬಾರಿಸುತ್ತದೆ ಎಂಬ ಭರವಸೆ ಅಲ್ಪ ಸಂಗತಿಯಲ್ಲ. ಅಕ್ಷರ ಕಲಿಯುವ ಮನಸ್ಸು ಆ ಭರವಸೆಯ ಮೇಲೆಯೇ ನಿಲ್ಲುತ್ತದೆ. ಇಷ್ಟನ್ನು ಕೃತಜ್ಞತೆಯಿಂದ ಹೇಳಬೇಕು.

ಇನ್ನೊಂದನ್ನು ಪಶ್ಚಾತ್ತಾಪದಿಂದ ಹೇಳಬೇಕು. ಆ ಕಾಲದ ಮಿಷನ್ ವರದಿಗಳ ಧಾಟಿ ಹೆಚ್ಚಾಗಿ ಸಂಖ್ಯೆಯದು: ಇಷ್ಟು ಮಕ್ಕಳು ಉಳಿದರು, ಇಷ್ಟು ಮಂದಿ ಓದಿದರು, ಇಷ್ಟು ಮಂದಿ ದೀಕ್ಷಾಸ್ನಾನ ಹೊಂದಿದರು. ತೆಲುಗಿನಲ್ಲೋ ಕನ್ನಡದಲ್ಲೋ ಆ ಮಕ್ಕಳು ತಾಯಿಗಾಗಿ ಅತ್ತ ಮಾತುಗಳು ಅಲ್ಲಿಲ್ಲ. ಹಸಿದ ಮಗು ತನ್ನನ್ನು ಉಣಿಸಿದವರ ನಂಬಿಕೆಯನ್ನು ಸ್ವೀಕರಿಸುವಾಗ ಅದರಲ್ಲಿ ಸ್ವಾತಂತ್ರ್ಯವೆಷ್ಟು ಎಂಬ ಪ್ರಶ್ನೆಯನ್ನು ಸಭೆಯ ಹೊರಗಿನವರು ಅಂದೇ ಎತ್ತಿದ್ದರು. ಅದನ್ನು ವಿರೋಧಿಗಳ ಮಾತೆಂದು ತಳ್ಳಿಹಾಕಲಾಗದು. ಸತ್ತ ತಂದೆತಾಯಿಗಳ ನೆನಪನ್ನು ಬಿಟ್ಟುಬಂದರೆ ಮಾತ್ರ ಹೊಸ ಜೀವನವೆಂದು ಮಗುವಿಗೆ ತೋರಿದ್ದರೆ, ಅಷ್ಟರಮಟ್ಟಿಗೆ ನಮ್ಮ ಕರುಣೆ ಅಪೂರ್ಣವಾಗಿತ್ತು.

ಆನ್‌ಸ್ಟಿಯ ತಲೆಮಾರಿಗೆ ಮಕ್ಕಳ ಮನಶ್ಶಾಸ್ತ್ರ ತಿಳಿದಿರಲಿಲ್ಲ. ಮನೆಯಿಲ್ಲದ ಮಕ್ಕಳ ಸ್ಥಿತಿಗತಿಯನ್ನು ಕುರಿತು ಜಾನ್ ಬೌಲ್ಬಿ ವಿಶ್ವ ಆರೋಗ್ಯ ಸಂಸ್ಥೆಗೆ ವರದಿ ಬರೆದದ್ದು 1951ರಲ್ಲಿ. ಅನ್ನ ಮತ್ತು ಆಶ್ರಯಗಳಷ್ಟೇ ಸಾಲವು, ತನ್ನದೆಂದು ಅಂಟಿಕೊಳ್ಳಲು ಬದಲಾಗದ ಒಬ್ಬ ವ್ಯಕ್ತಿ ಮಗುವಿಗೆ ಬೇಕು ಎಂಬುದು ಅದರ ಸಾರ. ಆದರೆ ಪ್ರಲಾಪಗಳ ಗ್ರಂಥ ಅವರ ಕೈಯಲ್ಲಿತ್ತು. ಪಟ್ಟಣದ ಬೀದಿಗಳಲ್ಲಿ ತಾಯಂದಿರ ಮಡಿಲಲ್ಲಿ ಪ್ರಾಣಬಿಡುವ ಮಕ್ಕಳ ಮೊರೆಯನ್ನು ಆ ಗ್ರಂಥ ಮುಚ್ಚಿಡದೆ ದೇವರ ಮುಂದೆ ಇಡುತ್ತದೆ. ಅವಸರದ ಸಮಾಧಾನವನ್ನು ಹೇಳುವುದಿಲ್ಲ.

ಈ ಪಾಠ ನಮಗೆ ಇಂದು ಬೇಕಾಗಿರುವುದು ಕೋಲಾರದಿಂದ ದೂರವಲ್ಲದ ಚಿನ್ನದ ಗಣಿ ಪ್ರದೇಶದಲ್ಲಿ. 1880ರಿಂದ ಜಾನ್ ಟೇಲರ್ ಕಂಪನಿ ಬೆಳೆಸಿದ ಆ ಊರಿಗೆ ತಮಿಳು, ತೆಲುಗು ಸೀಮೆಗಳ ಬಡಜನರು, ಬಹುಪಾಲು ದಲಿತರು, ಬಂದು ನೆಲೆಸಿದರು. ಅಲ್ಲಿನ ಮಕ್ಕಳಿಗೆ ಭಯ ಹೊಸದಲ್ಲ: ಆಳದಲ್ಲಿ ಬಂಡೆ ಸಿಡಿದರೆ ಮೇಲಿನ ಮನೆ ನಡುಗುತ್ತಿತ್ತು, ಪಾಳಿಗೆ ಇಳಿದ ಅಪ್ಪ ಹತ್ತಿ ಬರುವವರೆಗೆ ಮನೆ ಕಾಯುತ್ತಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಆ ಭಯ ಹೋಗಿ ಬೇರೊಂದು ನಷ್ಟ ಬಂದಿತು. ಕೆಲಸದೊಂದಿಗೆ ಊರಿನ ಹೆಮ್ಮೆಯೂ ಹೋಯಿತು. ಈಗ ಸಾವಿರಾರು ಮಂದಿ ನಸುಕಿನಲ್ಲೇ ಎದ್ದು, ಮಾರಿಕುಪ್ಪಂ ರೈಲನ್ನು ಹಿಡಿದು, ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ಕ್ಷಾಮದ ದಿನಗಳಲ್ಲಿ ಧಾನ್ಯ ತಂದ ಹಳಿ ಇಂದು ಹೆತ್ತವರನ್ನು ಹಗಲಿಡೀ ದೂರ ಒಯ್ಯುತ್ತದೆ. ಇವರು ಅನಾಥ ಮಕ್ಕಳಲ್ಲ; ಎಚ್ಚರವಾಗುವಾಗ ಮನೆಯಲ್ಲಿ ಅಪ್ಪ ಅಮ್ಮ ಇಲ್ಲದ ಮಕ್ಕಳು.

ಇಂಥ ಊರಿನ ಸಭಾಪಾಲಕನಿಗೆ ಹೊಸ ಸಂಸ್ಥೆಯನ್ನು ಕಟ್ಟುವ ಶಕ್ತಿ ಇರಲಿಕ್ಕಿಲ್ಲ. ಸಂಜೆಯ ಹೊತ್ತು ಗುಡಿಯ ಬಾಗಿಲನ್ನು ತಪ್ಪದೆ ತೆರೆಯಬಹುದು. ಪಾಠ ಹೇಳಿಕೊಡಲು ಪ್ರತಿದಿನವೂ ಅದೇ ಅಕ್ಕ, ಅದೇ ಅಣ್ಣ ಅಲ್ಲಿರುವಂತೆ ನೋಡಿಕೊಳ್ಳಬಹುದು. ಶಾಲೆಯ ಭಾಷೆ ಯಾವುದೇ ಆಗಿರಲಿ, ದುಃಖವನ್ನು ಮನೆಯ ಭಾಷೆಯಲ್ಲಿ ಹೇಳಲು ಬಿಡಬಹುದು. ಅದು ಯಾವ ಧರ್ಮದ ಮನೆಯೆಂದು ಕೇಳದಿರಬಹುದು. ಶಿಷ್ಯರು ತಡೆದ ಮಕ್ಕಳನ್ನು ಯೇಸುಸ್ವಾಮಿ ಅಪ್ಪಿಕೊಂಡು ಆಶೀರ್ವದಿಸಿದನೆಂದು ಮಾರ್ಕನು ಬರೆಯುತ್ತಾನೆ. ಆ ಮಕ್ಕಳಿಂದ ಆತನು ಏನನ್ನೂ ಕೇಳಲಿಲ್ಲ. ಎಷ್ಟು ಮಂದಿ ಇದ್ದರೆಂದು ಮಾರ್ಕನೂ ಎಣಿಸಲಿಲ್ಲ.