ಹಳೆ ರೀಲಿಗೆ ಯಾವ ಕೋಲು, ಯಾವ ದಾರ?

ಗಾಳ ಅಂದರೆ ನಮ್ಮ ಊರ ಕಡೆ ಒಂದು ಬಿದಿರು ಕೋಲು, ಒಂದು ದಾರ, ಒಂದು ಎರೆಹುಳ. ಮುಗೀತು. ಇಂಗ್ಲಿಷರು ಅದಕ್ಕೆ ದಾರ ಸುತ್ತುವ ರಾಟೆ ಜೋಡಿಸಿದರು, ಹುಳದ ಬದಲು ಹಕ್ಕಿಪುಕ್ಕದ ಹುಸಿನೊಣ ಕಟ್ಟಿದರು, ಅದನ್ನು ಫ್ಲೈ ಫಿಶಿಂಗ್ ಅಂದರು. ನಮ್ಮ ಹೈದರಾಬಾದಿನ ಜುಮ್ಮೆರಾತ್ ಬಜಾರಿನಂಥ ಹಳೆ ಸಾಮಾನಿನ ಸಂತೆಯಲ್ಲಿ ಅಂಥದೊಂದು ರೀಲು ಸಿಕ್ಕೀತು. ಸಿಕ್ಕವರಿಗೆ ಹುಟ್ಟುವ ಮೊದಲ ಪ್ರಶ್ನೆ, ಇದಕ್ಕೆ ಯಾವ ಕೋಲು, ಯಾವ ದಾರ? ಉತ್ತರದ ಒಂದು ಭಾಗ ನಮ್ಮ ಕಾವೇರಿಯಲ್ಲೇ ಇದೆ.

ಮೊದಲು ಲೆಕ್ಕ ನೋಡೋಣ. ಮಾಮೂಲಿ ಗಾಳದಲ್ಲಿ ನಾವು ಎಸೆಯುವುದು ಸೀಸದ ಗುಂಡಿನ ಭಾರವನ್ನು. ಹುಸಿನೊಣಕ್ಕೆ ಭಾರವೇ ಇಲ್ಲವಲ್ಲ, ಆದ್ದರಿಂದ ಅಲ್ಲಿ ಎಸೆಯುವುದು ದಾರವನ್ನೇ. ಕೋಲು ಹದವಾಗಿ ಬಾಗುವಷ್ಟು ತೂಕ ದಾರಕ್ಕಿರಬೇಕು. ಹಾಗಾಗಿ ಮೊದಲು ತಾಳೆ ನೋಡಬೇಕಾದ್ದು ಕೋಲಿಗೂ ದಾರಕ್ಕೂ. ರೀಲಿನ ಸರದಿ ಆಮೇಲೆ. ಅದು ಕೋಲಿನ ಬುಡಕ್ಕೆ ಸಮತೂಕ ಕೊಡಬೇಕು, ಎಸೆಯುವ ದಾರದ ಜೊತೆಗೆ ಮೀನು ಓಡಿದಾಗ ಬಿಡಲು ಬೇಕಾದ ಹೆಚ್ಚುವರಿ ದಾರವನ್ನೂ ಹಿಡಿಸಿಕೊಳ್ಳಬೇಕು.

ಹಳೆ ಕಾಲದ ದಾರ ಎಣ್ಣೆ ಕುಡಿಸಿದ ರೇಷ್ಮೆಯದು. ಅದರ ದಪ್ಪವನ್ನು ಅಕ್ಷರಗಳಲ್ಲಿ ಹೇಳುತ್ತಿದ್ದರು. 'ಎಚ್‌ಡಿಎಚ್' ಅಂದರೆ ತುದಿಗಳು 0.025 ಅಂಗುಲ, ನಡು 0.045 ಅಂಗುಲ. ಪ್ಲಾಸ್ಟಿಕ್ ಲೇಪದ ದಾರ ಬಂದಾಗ ಈ ಲೆಕ್ಕ ಕೆಟ್ಟಿತು, ಒಂದೇ ದಪ್ಪಕ್ಕೆ ತೂಕ ಬೇರೆಯಾಯಿತು. 1960ರ ಸುಮಾರಿಗೆ ಅಮೆರಿಕದಲ್ಲಿ ಮೊದಲ 30 ಅಡಿ ದಾರದ ತೂಕ ನೋಡಿ ಅಂಕಿ ಕೊಡುವ ಪದ್ಧತಿ ಬಂತು. 5 ಅಂದರೆ 140 ಗ್ರೇನ್ (ಸುಮಾರು 9 ಗ್ರಾಂ), 6 ಅಂದರೆ 160, 8 ಅಂದರೆ 210. ಹಳೆ ರೀಲು ಇರುವವರು ಗಮನಿಸಬೇಕಾದ್ದು ಇಷ್ಟೇ: ಅದೇ ತೂಕದ ತೇಲುವ ಪ್ಲಾಸ್ಟಿಕ್ ದಾರ ರೇಷ್ಮೆಗಿಂತ ದಪ್ಪ. ರೇಷ್ಮೆಗಾಗಿ ಮಾಡಿದ ರೀಲಿನಲ್ಲಿ ಅದನ್ನು ಸುತ್ತಿದರೆ ಹೆಚ್ಚುವರಿ ದಾರಕ್ಕೆ ಜಾಗ ಉಳಿಯುವುದಿಲ್ಲ. ಕೋಲು ಇದ್ದದ್ದೇ ಆದರೆ ಒಂದಳತೆ ದೊಡ್ಡ ರೀಲು ಹುಡುಕಬೇಕು.

ಕೋಲಿನ ಕಥೆಯಲ್ಲೂ ನಮ್ಮ ದೇಶ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಸೀಳಿದ ಬಿದಿರನ್ನು ಅಂಟಿಸಿ ಮಾಡುತ್ತಿದ್ದ ಕೋಲುಗಳಿಗೆ ಬಿದಿರು ಹೋಗುತ್ತಿದ್ದುದು ಕಲ್ಕತ್ತೆಯಿಂದ. ಅದರ ಹೆಸರೇ 'ಕಲ್ಕತ್ತಾ ಕೇನ್'. ಆಮೇಲೆ ಚೀನಾದ ಟೊಂಕಿನ್ ಬಿದಿರು ಅದರ ಜಾಗ ಹಿಡಿಯಿತು.

ಇನ್ನು ನಮ್ಮ ನದಿಗಳಿಗೆ ಬರೋಣ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿ! ಅದರ ನಾಯಕ ಮಹಶೀರ್ ಮೀನು. ಕಚ್ಚಿದ ಕೂಡಲೇ ಅದು ಓಡುವ ಮೊದಲ ಓಟವೇ ಭಯಂಕರ, ಗಟ್ಟಿ ಕೊಕ್ಕೆಯನ್ನೂ ಬಾಯಲ್ಲೇ ಅಪ್ಪಚ್ಚಿ ಮಾಡಬಲ್ಲದು. ಇಂಗ್ಲೆಂಡಿನ ಹೊಳೆಯ ಟ್ರೌಟ್ ಮೀನಿಗೆಂದು ಮಾಡಿದ ಪುಟ್ಟ ರೀಲು ಇಲ್ಲಿ ಸಾಲದು. ಸಣ್ಣ ಮಹಶೀರಿಗೆ ಹುಸಿನೊಣ ನಡೆಯುತ್ತದೆ. ದೊಡ್ಡದಕ್ಕೆ ಲೋಹದ ಚಮಚ ಅಥವಾ ಎರೆಯೇ ಬೇಕು. ಆಗ ಭಾರ ಮತ್ತೆ ದಾರದಿಂದ ಚಮಚಕ್ಕೆ ಹೋಗುತ್ತದೆ, ಸರಾಗವಾಗಿ ತಿರುಗುವ ರೀಲು ಬೇಕಾಗುತ್ತದೆ. ಇಂಗ್ಲೆಂಡಿನ ಹಾರ್ಡಿ ಕಂಪನಿ ಫ್ಲೈಗೆ 'ಪರ್ಫೆಕ್ಟ್', ಇದಕ್ಕೆ 'ಸೈಲೆಕ್ಸ್' ಎಂದು ಬೇರೆ ಬೇರೆ ರೀಲು ಮಾಡಿತು. ಸೈಲೆಕ್ಸನ್ನು ಫ್ಲೈ ಕೋಲಿಗೆ ಕಟ್ಟಿದರೆ ಜೋಡಿ ತಪ್ಪಿದಂತೆ.

1946ರ ಮಾರ್ಚಿನಲ್ಲಿ ಮೈಸೂರಿನ ಡಿ ವೆಟ್ ವಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದರು. ಅಂದರೆ 54 ಕಿಲೋ, ಒಂದು ಅಕ್ಕಿ ಮೂಟೆಗಿಂತ ಭಾರ! ಮುಂದೆ ಗಾಳಿಬೋರೆ, ಭೀಮೇಶ್ವರಿ ಕಡೆ ಬಂದ ವಿದೇಶಿಯರ ಕೊಕ್ಕೆಗೆ ಸ್ಥಳೀಯರು ಕಟ್ಟಿಕೊಟ್ಟದ್ದು ಏನು ಗೊತ್ತೇ? ನಮ್ಮ ರಾಗಿಮುದ್ದೆ! ರೀಲು ಯಾವ ದೇಶದ್ದಾದರೇನು, ನದಿ ಬಲ್ಲವನು ಊರಿನವನೇ.

ಆದರೆ ಆ ಗೂನುಬೆನ್ನಿನ ಮಹಶೀರಿಗೆ ವಿಜ್ಞಾನದ ಹೆಸರು ಖಚಿತವಾದದ್ದು 2018ರಲ್ಲಿ, ಟಾರ್ ರೇಮಾದೇವಿ ಅಂತ. ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಅಣೆಕಟ್ಟು, ಮರಳು ಗಣಿ, ಸಿಡಿಮದ್ದಿನ ಬೇಟೆ, ಹೊರಗಿನಿಂದ ತಂದು ಬಿಟ್ಟ ಬೇರೆ ಮಹಶೀರ್... ಕಾರಣ ಒಂದೆರಡಲ್ಲ. ಹಳೆ ರೀಲಿಗೆ ಕೋಲು, ದಾರ ಎರಡನ್ನೂ ಇವತ್ತೂ ಹೊಂದಿಸಬಹುದು. ಅದರ ಲೆಕ್ಕದಲ್ಲಿದ್ದ ಮೀನೇ ಕಾಣೆಯಾಗುತ್ತಿದೆ.

ಇನ್ನೊಂದು ಮಾತು. ಥಾಮಸ್ ಆ ಪುಸ್ತಕಕ್ಕೂ ಮೊದಲು, 1870ರಲ್ಲಿ, ದಕ್ಷಿಣ ಕನ್ನಡದ ಮೀನುಗಳ ಬಗ್ಗೆ ಸರ್ಕಾರಕ್ಕೊಂದು ವರದಿ ಕೊಟ್ಟಿದ್ದ. ಮರಿಮೀನು ಉಳಿಸಿ ಎಂಬುದೇ ಅದರ ಕಾಳಜಿ. ಹಳೆ ರೀಲು ಕೈಗೆ ಸಿಕ್ಕವರು ಗಾಳದ ಪುಸ್ತಕದ ಜೊತೆ ಆ ವರದಿಯನ್ನೂ ನೆನೆಯುವುದು ಒಳ್ಳೆಯದು.