ಯಾರಿಗೂ ಬೇಡವಾಗಿದ್ದ ಪೀಪಾಯಿಗಳು

ಪ್ಯಾಪಿ ವ್ಯಾನ್ ವಿಂಕಲ್ ಅಂತ ಅಮೆರಿಕದ ಒಂದು ಬರ್ಬನ್ ವಿಸ್ಕಿ ಇದೆ. ನಮ್ಮ ಬಾಯಲ್ಲಿ ಸುಲಭವಾಗಿ 'ಪಾಪಿ' ಆಗಿಬಿಡುವ ಹೆಸರು :-) ಇಪ್ಪತ್ತಮೂರು ವರ್ಷ ಪೀಪಾಯಿಯಲ್ಲಿ ಕೂತು ಬಂದ ಇದರ ಒಂದು ಬಾಟಲಿಗೆ ಕಂಪನಿ ಹೇಳುವ ಬೆಲೆ ಕೆಲವು ನೂರು ಡಾಲರ್. ಆ ಬೆಲೆಗೆ ಅದು ಅಂಗಡಿಯಲ್ಲಿ ಸಿಗುವುದಿಲ್ಲ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಸರ್ಕಾರವೇ ಲಾಟರಿ ಎತ್ತಿ ಹಂಚುತ್ತದೆ. ಲಾಟರಿ ಹೊಡೆಯದವರು ಹರಾಜಿನಲ್ಲಿ ಕೆಲವು ಸಾವಿರ ಡಾಲರ್ ಕೊಟ್ಟು ಕೊಳ್ಳುತ್ತಾರೆ. ಕೊಂಡವರಲ್ಲಿ ಎಷ್ಟೋ ಜನ ಮುಚ್ಚಳ ತೆಗೆಯುವುದೇ ಇಲ್ಲ, ಕಪಾಟಿನಲ್ಲಿ ಜೋಡಿಸಿಡುತ್ತಾರೆ.

ಇದರಲ್ಲಿ ಶ್ರೀಮಂತರ ಹುಚ್ಚು ಎಷ್ಟಿದೆಯೋ ಅಷ್ಟು ಇತಿಹಾಸವೂ ಇದೆ. ನನಗೆ ಸೋಜಿಗ ಅನ್ನಿಸಿದ್ದು ಇದು: ಇವತ್ತು ಸಂಗ್ರಾಹಕರು ಕಣ್ಣಿಗೊತ್ತಿಕೊಳ್ಳುವ ಹಳೇ ಬರ್ಬನ್‌ಗಳಲ್ಲಿ ಹೆಚ್ಚಿನವು, ತಯಾರಾದ ಕಾಲದಲ್ಲಿ ಯಾರಿಗೂ ಬೇಡವಾಗಿದ್ದವು. ಬೇಡವಾಗಿದ್ದವು ಅನ್ನೋ ಕಾರಣಕ್ಕೇ ಅವು ಅಷ್ಟು ಹಳೆಯದಾದವು. ಆ ಕಥೆ ಹೇಳೋಣ ಅಂತ ಈ ಬರಹ. ಗುಂಡು ಹಾಕದವರೂ ಧೈರ್ಯವಾಗಿ ಓದಬಹುದು. ಇದರಲ್ಲಿ ಕುಡಿತಕ್ಕಿಂತ ತೆರಿಗೆಯ ವಿಷಯವೇ ಜಾಸ್ತಿ ಇದೆ!

ಮೊದಲು, ಬರ್ಬನ್ ಅಂದರೇನು?

ಎಲ್ಲಾ ಬರ್ಬನ್ನೂ ವಿಸ್ಕಿಯೇ, ಎಲ್ಲಾ ವಿಸ್ಕಿಯೂ ಬರ್ಬನ್ ಅಲ್ಲ. ಅಮೆರಿಕದ ಕಾನೂನಿನ ಪ್ರಕಾರ ಅದು ಅಮೆರಿಕದಲ್ಲೇ ತಯಾರಾಗಬೇಕು. ಧಾನ್ಯದಲ್ಲಿ ನೂರಕ್ಕೆ 51 ಪಾಲಾದರೂ ಮುಸುಕಿನ ಜೋಳ (ಉತ್ತರ ಕರ್ನಾಟಕದವರಿಗೆ ಗೋವಿನಜೋಳ) ಇರಬೇಕು. ಉಳಿದದ್ದು ಸಾಮಾನ್ಯವಾಗಿ ರೈ ಮತ್ತು ಮೊಳಕೆ ಬರಿಸಿದ ಬಾರ್ಲಿ. ಒಳಮೈ ಸುಟ್ಟು ಕರಿ ಮಾಡಿದ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಬಣ್ಣ, ರುಚಿಗೆ ಅಂತ ಏನನ್ನೂ ಸೇರಿಸುವಂತಿಲ್ಲ. ಬಾಟಲಿಗೆ ಇಳಿಸುವಾಗ ಆಲ್ಕೋಹಾಲ್ ನೂರಕ್ಕೆ 40ಕ್ಕಿಂತ ಕಡಿಮೆ ಇರಬಾರದು. ಕೆಂಟಕಿ ರಾಜ್ಯದಲ್ಲೇ ಮಾಡಬೇಕು ಅನ್ನೋದು ತಪ್ಪು ಕಲ್ಪನೆ, ಹೆಚ್ಚಿನದು ಅಲ್ಲಿ ಆಗುತ್ತದೆ ಅಷ್ಟೇ. 1964ರಲ್ಲಿ ಅಮೆರಿಕದ ಕಾಂಗ್ರೆಸ್ಸು ಬರ್ಬನ್ ನಮ್ಮ ದೇಶದ್ದೇ ವಿಶಿಷ್ಟ ಸರಕು ಅಂತ ನಿರ್ಣಯ ಮಾಡಿತು.

ಇಷ್ಟು ಕಟ್ಟುನಿಟ್ಟು ಮೊದಲಿನಿಂದ ಇರಲಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ವಿಸ್ಕಿ ಪೀಪಾಯಿಗಟ್ಟಲೆ ಮಾರಾಟವಾಗುತ್ತಿತ್ತು. ಮಧ್ಯದ ವ್ಯಾಪಾರಿಗಳು ಅಗ್ಗದ ಸ್ಪಿರಿಟ್ಟಿಗೆ ತಂಬಾಕು, ಹಣ್ಣಿನ ರಸ ಹೀಗೆ ಕೈಗೆ ಸಿಕ್ಕಿದ್ದು ಬೆರೆಸಿ, ಕಂದು ಬಣ್ಣ ಬರಿಸಿ 'ಹಳೇ ವಿಸ್ಕಿ' ಅಂತ ಮಾರುತ್ತಿದ್ದರು. ಕುಡಿಯುವವನಿಗೆ ಒಳಗೇನಿದೆ ಅಂತ ತಿಳಿಯುವ ದಾರಿ ಇರಲಿಲ್ಲ. 1870ರಲ್ಲಿ ಜಾರ್ಜ್ ಗಾರ್ವಿನ್ ಬ್ರೌನ್ ಎಂಬಾತ 'ಓಲ್ಡ್ ಫಾರೆಸ್ಟರ್' ಅನ್ನು ಮೊಹರು ಮಾಡಿದ ಬಾಟಲಿಯಲ್ಲಿ ಮಾತ್ರ ಮಾರಲು ಶುರು ಮಾಡಿದ. ಆಮೇಲೆ ಕರ್ನಲ್ ಇ. ಎಚ್. ಟೇಲರ್ ಎಂಬ ಡಿಸ್ಟಿಲರಿ ಮಾಲೀಕನ ಒತ್ತಾಯ, ಖಜಾನೆ ಕಾರ್ಯದರ್ಶಿ ಜಾನ್ ಕಾರ್ಲೈಲ್ ಬೆಂಬಲ ಸೇರಿ 1897ರಲ್ಲಿ 'ಬಾಟಲ್ಡ್ ಇನ್ ಬಾಂಡ್' ಕಾಯ್ದೆ ಬಂತು. ಒಂದೇ ಡಿಸ್ಟಿಲರಿ, ಒಂದೇ ಋತುವಿನ ಸರಕು. ಸರ್ಕಾರದ ಕಾವಲಿನ ಗೋದಾಮಿನಲ್ಲಿ ಕನಿಷ್ಠ ನಾಲ್ಕು ವರ್ಷ. ಆಲ್ಕೋಹಾಲ್ ಸರಿಯಾಗಿ ನೂರಕ್ಕೆ 50. ಇದಕ್ಕೆಲ್ಲ ಸಾಕ್ಷಿಯಾಗಿ ಮುಚ್ಚಳದ ಮೇಲೆ ಸರ್ಕಾರದ ಹಸಿರು ಪಟ್ಟಿ. ಟೇಲರ್ ಸಮಾಜಸೇವೆಗೆ ಹೊರಟವನೇನಲ್ಲ, ಕಲಬೆರಕೆಯವರು ಅವನ ವ್ಯಾಪಾರ ಹಾಳು ಮಾಡುತ್ತಿದ್ದರು. ಆದರೂ ಫಲ ಜನಕ್ಕೆ ಸಿಕ್ಕಿತು. ವಿಸ್ಕಿಯ ಗಂಧಗಾಳಿ ಗೊತ್ತಿಲ್ಲದವನೂ ಲೇಬಲ್ ಓದಿ ನಂಬಬಹುದು ಅನ್ನುವ ಸ್ಥಿತಿ ಬಂತು. ಈ ಮಾತು ನೆನಪಿನಲ್ಲಿರಲಿ, ಕೊನೆಗೆ ಬೇಕಾಗುತ್ತದೆ.

ಪ್ಯಾಪಿ ಅನ್ನೋ ಮನುಷ್ಯ

ಪ್ಯಾಪಿ ನಿಜವಾದ ಮನುಷ್ಯ. ಪೂರ್ತಿ ಹೆಸರು ಜೂಲಿಯನ್ ವ್ಯಾನ್ ವಿಂಕಲ್, ಹುಟ್ಟಿದ್ದು 1874ರಲ್ಲಿ. 1893ರಲ್ಲಿ ವೆಲ್ಲರ್ ಎಂಬ ವಿಸ್ಕಿ ವ್ಯಾಪಾರಿಗಳ ಬಳಿ ಸೇಲ್ಸ್‌ಮನ್ ಆಗಿ ಸೇರಿ ಮುಂದೆ ಮಾಲೀಕರಲ್ಲೊಬ್ಬನಾದ. 1920ರಿಂದ 1933ರವರೆಗೆ ದೇಶದಲ್ಲಿ ಪಾನನಿಷೇಧ. ಆಗ ಡಾಕ್ಟರ ಚೀಟಿ ಮೇಲೆ 'ಔಷಧಿ' ಅಂತ ವಿಸ್ಕಿ ಮಾರುವ ಲೈಸೆನ್ಸ್ ಇದ್ದ ಕೆಲವರು ಮಾತ್ರ ಉಳಿದುಕೊಂಡರು. ನಿಷೇಧ ತೆಗೆದ ಮೇಲೆ, 1935ರ ಕೆಂಟಕಿ ಡರ್ಬಿ ಕುದುರೆ ರೇಸಿನ ದಿನ, ಲೂಯಿವಿಲ್ ಪಕ್ಕದಲ್ಲಿ ಸ್ಟಿಟ್ಜೆಲ್-ವೆಲ್ಲರ್ ಡಿಸ್ಟಿಲರಿ ಬಾಗಿಲು ತೆರೆಯಿತು. ಇಲ್ಲಿನ ವಿಶೇಷ ಅಂದರೆ ರೈ ಧಾನ್ಯದ ಜಾಗದಲ್ಲಿ ಗೋಧಿ ಹಾಕುತ್ತಿದ್ದರು. ರೈ ಹಾಕಿದರೆ ಮೆಣಸಿನಂಥ ಖಾರ ಬರುತ್ತದೆ, ಗೋಧಿ ಹಾಕಿದರೆ ಮೆತ್ತಗೆ, ಸಿಹಿಯಾಗಿ ಇರುತ್ತದೆ. ಓಲ್ಡ್ ಫಿಟ್ಜೆರಾಲ್ಡ್, ವೆಲ್ಲರ್ ಎಲ್ಲ ಇಲ್ಲಿಯ ಬ್ರ್ಯಾಂಡುಗಳು. ಪ್ಯಾಪಿ 1965ರಲ್ಲಿ ತೀರಿಕೊಂಡ.

ಗಮನಿಸಿ, ಇಪ್ಪತ್ತು-ಇಪ್ಪತ್ತಮೂರು ವರ್ಷದ ಬರ್ಬನ್ ಮಾರುವ ಯೋಚನೆ ಅವನ ಕಾಲದಲ್ಲಿ ಇರಲಿಲ್ಲ. ನಾಲ್ಕರಿಂದ ಎಂಟು ವರ್ಷದ ಬರ್ಬನ್ನೇ ಒಳ್ಳೆಯದು ಅಂತ ಲೆಕ್ಕ. ಕಾರಣ ಇದೆ. ಹೊಸ ಪೀಪಾಯಿ, ಕೆಂಟಕಿಯ ಸುಡು ಬೇಸಿಗೆ. ಹೆಚ್ಚು ವರ್ಷ ಬಿಟ್ಟರೆ ಮರದ ಒಗರೇ ಜಾಸ್ತಿಯಾಗುತ್ತದೆ, ಜೊತೆಗೆ ವರ್ಷ ವರ್ಷ ಒಂದಿಷ್ಟು ಆವಿಯಾಗಿ ಹೋಗುತ್ತದೆ. ಇದಕ್ಕೆ 'ದೇವತೆಗಳ ಪಾಲು' ಅಂತ ಚಂದದ ಹೆಸರು ಬೇರೆ!

ಈ ದೇವತೆಗಳು ನಮ್ಮ ಬೆಂಗಳೂರಿನಲ್ಲಿ ಇನ್ನೂ ದುರಾಸೆಯವರು. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ನೂರಕ್ಕೆ ಎರಡು ಪಾಲು ಹೋದರೆ, 2004ರಲ್ಲಿ ಗ್ಲಾಸ್ಗೋದಲ್ಲಿ ಮೊದಲು ಬಿಡುಗಡೆಯಾದ ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್‌ನ ಪೀಪಾಯಿಗಳಲ್ಲಿ ಹತ್ತಕ್ಕೂ ಹೆಚ್ಚು ಪಾಲು ಹೋಗುತ್ತದೆ. ಆದ್ದರಿಂದ ಲೇಬಲ್ ಮೇಲಿನ ವರ್ಷ ನೋಡಿ ಊರು ಊರಿನ ವಿಸ್ಕಿ ಹೋಲಿಸುವುದು, ಊಟಿಯಲ್ಲಿ ಒಣಗಿದ ಬಟ್ಟೆಗೂ ರಾಯಚೂರಿನಲ್ಲಿ ಒಣಗಿದ ಬಟ್ಟೆಗೂ ಗಂಟೆ ಲೆಕ್ಕ ಹಾಕಿದ ಹಾಗೆ.

ತೆರಿಗೆ ಮಾಡಿದ ಚಮತ್ಕಾರ

ಹಾಗಾದರೆ ಇಪ್ಪತ್ತು ವರ್ಷದ ಬರ್ಬನ್ ಎಲ್ಲಿಂದ ಬಂತು? ಇಲ್ಲಿ ಲೂಯಿಸ್ ರೋಸೆನ್‌ಸ್ಟೀಲ್ ಎಂಬ ಇನ್ನೊಬ್ಬನ ಪ್ರವೇಶ. ಶೆನ್ಲೀ ಎಂಬ ದೊಡ್ಡ ಮದ್ಯದ ಕಂಪನಿಯ ಯಜಮಾನ. 1950ರಲ್ಲಿ ಕೊರಿಯಾ ಯುದ್ಧ ಶುರುವಾದಾಗ, ಎರಡನೇ ಮಹಾಯುದ್ಧದಲ್ಲಿ ಆದ ಹಾಗೆ ಸರ್ಕಾರ ಭಟ್ಟಿಗಳನ್ನೆಲ್ಲ ಯುದ್ಧದ ಕೆಲಸಕ್ಕೆ ಎಳೆದುಕೊಳ್ಳುತ್ತದೆ, ವಿಸ್ಕಿಗೆ ಬರ ಬರುತ್ತದೆ ಅಂತ ಲೆಕ್ಕ ಹಾಕಿ ಗೋದಾಮು ತುಂಬಿಸಿದ. ಬರ ಬರಲಿಲ್ಲ. ಯುದ್ಧ ಮುಗಿಯಿತು, ಪೀಪಾಯಿಗಳು ಉಳಿದವು.

ಆಗಿನ ನಿಯಮದ ಪ್ರಕಾರ ಪೀಪಾಯಿ ಎಂಟು ವರ್ಷ ತುಂಬಿದ ಕೂಡಲೇ, ಮಾರಾಟವಾಗಲಿ ಬಿಡಲಿ, ತೆರಿಗೆ ಕಟ್ಟಬೇಕು. ತೆರಿಗೆಯೂ ಸಣ್ಣದಲ್ಲ, ಪ್ರೂಫ್ ಗ್ಯಾಲನ್ನಿಗೆ 10.50 ಡಾಲರ್. ರೋಸೆನ್‌ಸ್ಟೀಲ್‌ಗೆ ಎದೆ ಧಸಕ್ ಅಂದಿರಬೇಕು. ವಾಷಿಂಗ್ಟನ್ನಿನಲ್ಲಿ ಲಾಬಿ ನಡೆಸಿದ. 1958ರಲ್ಲಿ ಫೋರಾಂಡ್ ಮಸೂದೆ ಪಾಸಾಗಿ ಎಂಟು ವರ್ಷದ ಗಡುವು ಇಪ್ಪತ್ತು ವರ್ಷವಾಯಿತು.

ಅಂದರೆ ವಿಸ್ಕಿಯನ್ನು ಇಪ್ಪತ್ತು ವರ್ಷ ಇಡಬಹುದು ಅನ್ನೋ ದಾರಿ ತೆರೆದದ್ದು ರುಚಿ ಬಲ್ಲವರಲ್ಲ, ತೆರಿಗೆ ತಪ್ಪಿಸಿಕೊಳ್ಳಲು ಒದ್ದಾಡುತ್ತಿದ್ದ ಒಬ್ಬ ವ್ಯಾಪಾರಿ. ಇತಿಹಾಸ ಎಷ್ಟೋ ಸಲ ಹೀಗೇ, ಅಲ್ವಾ?

ಬೀಳುವ ಕಾಲ

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಫ್ಯಾಷನ್ ಬದಲಾಯಿತು. ಬರ್ಬನ್ ಅಂದರೆ ಅಪ್ಪ-ತಾತ ಕುಡಿಯುವ ಕಂದು ನೀರು, ಹುಡುಗರಿಗೆ ಬೇಕಾದ್ದು ಬಿಳೀ ವೋಡ್ಕಾ. ಎಪ್ಪತ್ತರ ದಶಕದಲ್ಲಿ ಅಮೆರಿಕದಲ್ಲಿ ವೋಡ್ಕಾ ಮಾರಾಟ ಬರ್ಬನ್ನನ್ನು ಹಿಂದೆ ಹಾಕಿತು. ಡಿಸ್ಟಿಲರಿಗಳು ಒಂದೊಂದಾಗಿ ಮುಚ್ಚಿದವು. ವ್ಯಾನ್ ವಿಂಕಲ್ ಕುಟುಂಬ 1972ರಲ್ಲೇ ಸ್ಟಿಟ್ಜೆಲ್-ವೆಲ್ಲರ್ ಮಾರಿಬಿಟ್ಟಿತ್ತು. ಅಲ್ಲಿ ಭಟ್ಟಿ ಪೂರ್ತಿ ನಿಂತದ್ದು 1992ರಲ್ಲಿ.

ಪ್ಯಾಪಿಯ ಮಗ ಜೂಲಿಯನ್ ಜೂನಿಯರ್ 'ಓಲ್ಡ್ ರಿಪ್ ವ್ಯಾನ್ ವಿಂಕಲ್' ಎಂಬ ಹಳೇ ಲೇಬಲ್ ಇಟ್ಟುಕೊಂಡು ಸಣ್ಣ ವ್ಯಾಪಾರ ನಡೆಸಿದ. ಅವನು 1981ರಲ್ಲಿ ತೀರಿಕೊಂಡ ಮೇಲೆ ಮೊಮ್ಮಗ ಮೂರನೇ ಜೂಲಿಯನ್ ಕೈಗೆ ಬಂತು. ಹೊಸದಾಗಿ ಭಟ್ಟಿ ಇಳಿಸಲು ಡಿಸ್ಟಿಲರಿ ಇಲ್ಲ. ಬೇರೆಯವರು ವಯಸ್ಸು ಮೀರಿತು, ಮಾರುವುದು ಕಷ್ಟ ಅಂತ ಪಕ್ಕಕ್ಕಿಟ್ಟ ಪೀಪಾಯಿಗಳನ್ನು ಕೊಂಡು ಬಾಟಲಿಗೆ ತುಂಬಿಸಿ ಮಾರಿದ.

ಇಂಥದ್ದೇ ಇನ್ನೊಂದು ಕಥೆ ಎ. ಎಚ್. ಹಿರ್ಶ್ ಬರ್ಬನ್‌ದು. 1974ರ ವಸಂತದಲ್ಲಿ ಪೆನ್ಸಿಲ್ವೇನಿಯಾದ ಮಿಕ್ಟರ್ಸ್ ಡಿಸ್ಟಿಲರಿಯಲ್ಲಿ ಅಡಾಲ್ಫ್ ಹಿರ್ಶ್ ಎಂಬಾತನಿಗಾಗಿ ಸುಮಾರು 400 ಪೀಪಾಯಿ ತುಂಬಿಸಿದರು. ಕೊಳ್ಳುವವರಿಲ್ಲದೆ ಅವು ವರ್ಷಗಟ್ಟಲೆ ಹಾಗೇ ಕೂತವು. 1990ರಲ್ಲಿ ಡಿಸ್ಟಿಲರಿಯೇ ಮುಚ್ಚಿತು. ಹದಿನಾರು ವರ್ಷವಾದಾಗ ಉಳಿದದ್ದನ್ನು ಸ್ಟೀಲ್ ಟ್ಯಾಂಕಿಗೆ ಹಾಕಿದರು (ಮರದ ಸಂಪರ್ಕ ತಪ್ಪಿದರೆ ವಿಸ್ಕಿಗೆ ವಯಸ್ಸಾಗುವುದಿಲ್ಲ). ಅಲ್ಲಿಂದ ಸ್ವಲ್ಪ ಸ್ವಲ್ಪವೇ ಬಾಟಲಿಗೆ ಬಂತು. ಆಮೇಲೆ ಅದೇ ವಿಸ್ಕಿಗೆ ಎಂಥ ಹೆಸರು ಬಂತೆಂದರೆ, 2012ರಲ್ಲಿ ಚಕ್ ಕೌಡರಿ ಎಂಬ ಲೇಖಕ ಅದೊಂದರ ಮೇಲೆಯೇ ಪುಸ್ತಕ ಬರೆದ!

ಏಳುವ ಕಾಲ

ಬೀಳುತ್ತಿದ್ದ ಬರ್ಬನ್ನಿಗೆ ಆಸರೆಯಾದದ್ದು ಜಪಾನ್. ಸ್ವದೇಶದಲ್ಲಿ ಬೇಡವಾದ ಹಳೇ ಬರ್ಬನ್ನಿಗೆ ಎಂಬತ್ತರ ದಶಕದಲ್ಲಿ ಅಲ್ಲಿನ ಬಾರುಗಳಲ್ಲಿ ರಾಜಮರ್ಯಾದೆ. 1984ರಲ್ಲಿ ಈಗ ಬಫಲೋ ಟ್ರೇಸ್ ಎನ್ನುವ ಡಿಸ್ಟಿಲರಿಯಲ್ಲಿ ಎಲ್ಮರ್ ಟಿ. ಲೀ ಎಂಬ ಹಿರಿಯ ತಜ್ಞ 'ಬ್ಲಾಂಟನ್ಸ್' ತಂದ. ಹತ್ತಾರು ಪೀಪಾಯಿ ಬೆರೆಸದೆ, ಒಂದೇ ಪೀಪಾಯಿಯದ್ದನ್ನು ಬಾಟಲಿಗೆ ಹಾಕಿ, ಪೀಪಾಯಿಯ ನಂಬರನ್ನೂ ಲೇಬಲ್ ಮೇಲೆ ಬರೆಯುವುದು ಇದರ ವಿಶೇಷ. 1988ರಲ್ಲಿ ಬುಕರ್ ನೋ ಎಂಬಾತ ನೀರು ಬೆರೆಸದ 'ಬುಕರ್ಸ್' ತಂದ. ಹೋಲಿಸಿ ಕುಡಿಯುವ ಚಟ ಇಲ್ಲಿಂದ ಬಲವಾಯಿತು. ಒಂದೇ ಹೆಸರಿನ ಎರಡು ಬಾಟಲಿ ಒಂದೇ ರೀತಿ ಇರುವುದಿಲ್ಲ ಅಂದಮೇಲೆ ಒಂದರಲ್ಲಿ ತೃಪ್ತಿ ಹೇಗೆ? ಬ್ಲಾಂಟನ್ಸ್ ಮುಚ್ಚಳದ ಮೇಲೆ ಕುದುರೆ ಸವಾರನ ಎಂಟು ಭಂಗಿಗಳಿವೆ, ಒಂದೊಂದಕ್ಕೂ ಒಂದು ಅಕ್ಷರ. ಎಂಟೂ ಕೂಡಿಸಿದರೆ ಹೆಸರು ಪೂರ್ತಿ. ಚಿಕ್ಕವರಿದ್ದಾಗ ಬೆಂಕಿಪೊಟ್ಟಣದ ಚಿತ್ರ ಕೂಡಿಸುತ್ತಿದ್ದೆವಲ್ಲ, ಅದೇ ಆಟ, ರೇಟು ಮಾತ್ರ ಬೇರೆ :-)

1996ರಲ್ಲಿ ಷಿಕಾಗೋದ ಬೆವರೇಜ್ ಟೆಸ್ಟಿಂಗ್ ಇನ್‌ಸ್ಟಿಟ್ಯೂಟ್ ಇಪ್ಪತ್ತು ವರ್ಷದ ಪ್ಯಾಪಿಗೆ ನೂರಕ್ಕೆ 99 ಅಂಕ ಕೊಟ್ಟಿತು. ಅಲ್ಲಿಂದ ಮೊಮ್ಮಗನ ಅದೃಷ್ಟ ತಿರುಗಿತು. ಆದರೆ ಪೀಪಾಯಿಗಳು ಮುಗಿಯುತ್ತಾ ಬಂದಿದ್ದವು. 2002ರಲ್ಲಿ ಬಫಲೋ ಟ್ರೇಸ್ ಜೊತೆ ಪಾಲುದಾರಿಕೆ ಆಯಿತು, ಹೊಸ ಸರಕು ಇಳಿಯುವುದು ಅಲ್ಲೇ. ಲೇಬಲ್ ಮೇಲೆ ಸಿಗಾರು ಹಚ್ಚುತ್ತಿರುವ ಅದೇ ತಾತನ ಫೋಟೋ, ಒಳಗೆ ಬೇರೆ ಊರಿನ ಬೇರೆ ಭಟ್ಟಿಯ ವಿಸ್ಕಿ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ವರ್ಷನ್ ನಂಬರ್ ಬದಲಾಯಿಸದೆ ಒಳಗಿನ ಕೋಡ್ ಪೂರ್ತಿ ಬದಲಾಯಿಸಿದ ಹಾಗೆ. ಹೊಸದು ಕೆಟ್ಟದ್ದು ಅಂತಲ್ಲ, ಬೇರೆ ಅಷ್ಟೇ.

ಹಾಗಾಗಿ ಸಂಗ್ರಾಹಕರು ಪತ್ತೇದಾರರಾದರು. ಹಳೇ ಮದ್ಯದಂಗಡಿಗಳ ಹಿಂದಿನ ಕಪಾಟಿನಲ್ಲಿ ಧೂಳು ಹಿಡಿದ ಬಾಟಲಿ ಹುಡುಕುವುದು ಒಂದು ಬೇಟೆಯೇ ಆಯಿತು. ಕುರುಹುಗಳು ಹೀಗೆ: ಮುಚ್ಚಳದ ಮೇಲೆ ತೆರಿಗೆ ಪಟ್ಟಿ ಇದ್ದರೆ ಸಾಮಾನ್ಯವಾಗಿ 1985ಕ್ಕಿಂತ ಹಿಂದಿನದು. ಅಳತೆ ಮಿಲಿಲೀಟರಿನಲ್ಲಿಲ್ಲದೆ 'ನಾಲ್ಕೈದನೇ ಕ್ವಾರ್ಟ್' ಅಂತ ಇದ್ದರೆ 1980ಕ್ಕಿಂತ ಹಿಂದಿನದು. ಗರ್ಭಿಣಿಯರಿಗೆ, ವಾಹನ ಓಡಿಸುವವರಿಗೆ ಅಂತ ಸರ್ಕಾರದ ಎಚ್ಚರಿಕೆ ಇಲ್ಲದಿದ್ದರೆ 1989ಕ್ಕಿಂತ ಹಿಂದಿನದು. ಕೆಂಟಕಿ ರಾಜ್ಯವಂತೂ 2017ರಲ್ಲಿ ಕಾನೂನು ಮಾಡಿ, ಖಾಸಗಿಯವರ ಮನೆಯಲ್ಲಿರುವ ಹಳೇ ಬಾಟಲಿಗಳನ್ನು ಲೈಸೆನ್ಸ್ ಇರುವ ಅಂಗಡಿಗಳು ಕೊಂಡು ಮಾರಲು ಅವಕಾಶ ಕೊಟ್ಟಿತು.

ಮತ್ತೆ ಅದೇ ಜಾಗಕ್ಕೆ

ಬೆಲೆ ಏರಿದ ಮೇಲೆ ಏನಾಗಬೇಕೋ ಅದೇ ಆಯಿತು. 2013ರಲ್ಲಿ ಬಫಲೋ ಟ್ರೇಸ್‌ನಿಂದ ಸುಮಾರು 65 ಕೇಸ್ ಪ್ಯಾಪಿ ಕಾಣೆಯಾದ ಸುದ್ದಿ ಹೊರಬಂತು. 2015ರಲ್ಲಿ ಒಂಬತ್ತು ಜನರ ಮೇಲೆ ಆರೋಪಪಟ್ಟಿ, ಸೂತ್ರಧಾರ ಅಲ್ಲಿನ ಕೆಲಸಗಾರನೇ. 2023ರಲ್ಲಿ ಆರೆಗಾನ್ ರಾಜ್ಯದಲ್ಲಿ ಮದ್ಯ ನಿಯಂತ್ರಿಸುವ ಇಲಾಖೆಯ ಹಿರಿಯ ಅಧಿಕಾರಿಗಳೇ ಸಾರ್ವಜನಿಕರಿಗೆ ಸಿಗಬೇಕಾದ ಅಪರೂಪದ ಬಾಟಲಿಗಳನ್ನು (ದುಡ್ಡು ಕೊಟ್ಟೇ) ತಮಗೆ ಎತ್ತಿಡಿಸಿಕೊಂಡಿದ್ದು ಬಯಲಾಗಿ, ಇಲಾಖೆಯ ಮುಖ್ಯಸ್ಥ ರಾಜೀನಾಮೆ ಕೊಡಬೇಕಾಯಿತು. ಇನ್ನು ಖಾಲಿ ಬಾಟಲಿಗೇ ದುಡ್ಡು ಕೊಟ್ಟು ಕೊಳ್ಳುವವರಿದ್ದಾರೆ. ಯಾಕೆ ಅಂತ ಊಹಿಸುವುದು ಕಷ್ಟವಲ್ಲ. ಅಗ್ಗದ್ದನ್ನು ತುಂಬಿಸಿ, ಮುಚ್ಚಳಕ್ಕೆ ಹೊಸ ಮೊಹರು ಹಾಕಿ ಮಾರಿದರೆ ತೆಗೆದು ನೋಡುವವರು ಯಾರು? ಕಪಾಟಿನಲ್ಲಿಡುವವನು ಕುಡಿಯುವುದೇ ಇಲ್ಲವಲ್ಲ!

ನನಗೆ ಕಾಡುವುದು ಇದೇ. 1897ರ ಕಾಯ್ದೆ ಬಂದದ್ದು ಬಾಟಲಿಯೊಳಗೆ ಏನಿದೆ ಅನ್ನೋದು ಸತ್ಯವಾಗಿರಲಿ ಅಂತ. ಲೇಬಲ್ ಇದ್ದದ್ದು ಒಳಗಿನದಕ್ಕೆ ಸಾಕ್ಷಿಯಾಗಿ. ನೂರಿಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಲೇಬಲ್ಲೇ ಸರಕಾಗಿ, ಒಳಗಿನದು ನೆಪವಾಗಿದೆ. ಟೇಲರ್ ಹೋರಾಡಿದ ಕಲಬೆರಕೆಯವರು ಇನ್ನೊಂದು ಬಾಗಿಲಿನಿಂದ ಒಳಗೆ ಬಂದಿದ್ದಾರೆ. ಅವತ್ತು ಅವರಿಗೆ ದಾರಿ ಮಾಡಿಕೊಟ್ಟಿದ್ದು ಕುಡಿಯುವವನ ಅಜ್ಞಾನ, ಇವತ್ತು ಕುಡಿಯದವನ ಆಸೆ.

ಇನ್ನೊಂದು ಮಾತು. ಆ ಹಳೇ ರುಚಿಯನ್ನು ಈಗ ಬೇಕು ಅಂತ ಮಾಡಲು ಕೂತರೂ ಕಷ್ಟ. ಗೋಧಿ ಸಿಗುತ್ತದೆ, ಓಕ್ ಸಿಗುತ್ತದೆ, ಪಾಕವೂ ಗೊತ್ತು. ಸಿಗದಿರುವುದು ಆ ನಿರ್ಲಕ್ಷ್ಯ. ಯಾರೂ ತಿರುಗಿ ನೋಡದ ಗೋದಾಮಿನ ಮೂಲೆಯಲ್ಲಿ, ಯಾವ ಅವಸರವೂ ಇಲ್ಲದೆ ಇಪ್ಪತ್ತು ವರ್ಷ ಮರೆತುಹೋಗುವ ಭಾಗ್ಯ ಈಗಿನ ಪೀಪಾಯಿಗಿಲ್ಲ. ತುಂಬಿಸುವ ದಿನವೇ ಅದಕ್ಕೆ ಗಿರಾಕಿ ಕಾಯುತ್ತಿರುತ್ತಾನೆ.

ಹೋಲಿಸಿ ನೋಡಬೇಕು ಅನ್ನುವ ಗೆಳೆಯರಿಗೆ ನನ್ನ ಸಲಹೆ ಇಷ್ಟೇ. ಪ್ಯಾಪಿಯ ಹಿಂದೆ ಬೀಳಬೇಡಿ. 'ಬಾಟಲ್ಡ್ ಇನ್ ಬಾಂಡ್' ಅಂತ ಬರೆದಿರುವ ಬರ್ಬನ್‌ಗಳು ಈಗಲೂ ಬರುತ್ತವೆ, ಅಮೆರಿಕದಲ್ಲಿ ಸಾಧಾರಣ ಬೆಲೆಗೇ ಸಿಗುವಂಥವೂ ಇವೆ. ಅಂಥ ಎರಡು ಬಾಟಲಿ ತನ್ನಿ, ಒಂದು ಗೋಧಿಯದ್ದು, ಒಂದು ರೈಯದ್ದು. ಇನ್ನೊಬ್ಬರ ಕೈಲಿ ಲೋಟಕ್ಕೆ ಹಾಕಿಸಿ, ಯಾವುದು ಯಾವುದು ಅಂತ ಗೊತ್ತಿಲ್ಲದೆ ಮೂಸಿ, ಒಂದೊಂದು ಗುಟುಕು ನೋಡಿ. ಲೇಬಲ್ ಕಾಣದಿದ್ದಾಗ ನಾಲಿಗೆ ಸತ್ಯ ಹೇಳುತ್ತದೆ.

ನಿಮ್ಮಲ್ಲಿ ಯಾರಾದರೂ ಆ ಹಳೇ ಸ್ಟಿಟ್ಜೆಲ್-ವೆಲ್ಲರ್ ಸರಕಿನ ರುಚಿ ನೋಡಿದ್ದರೆ ದಯವಿಟ್ಟು ಬರೆಯಿರಿ. ಹೊಟ್ಟೆಕಿಚ್ಚು ಪಟ್ಟುಕೊಂಡೇ ಓದುತ್ತೇನೆ :-)